ಪೈಪು ತೊಳೆಯುವ ಮಡಿವಂತ

ನಮ್ಮ ಮನೆಗೆ ಮೊದಲ ಸಲ ಬಂದವರು ಬಾಲ್ಕನಿಯ ಕಡೆ ತಿರುಗಿದ ಕೂಡಲೇ ಆಡುತ್ತಿದ್ದ ಮಾತು ನಿಲ್ಲಿಸುತ್ತಾರೆ. ಬಲಗಡೆ ತುಳಸಿ ಕುಂಡ, ಅದರ ಮುಂದೆ ಅಂಗೈಯಗಲದ ರಂಗೋಲಿ. ಎಡಗಡೆ ಹಳೇ ಮರದ ಸ್ಟೂಲು, ಅದರ ಮೇಲೆ ಬೋರಲಾಗಿ ಮಲಗಿಸಿದ ಏಳೋ ಎಂಟೋ ಹೊಗೆಸೊಪ್ಪಿನ ಪೈಪುಗಳು. ಬಂದವರು ಒಮ್ಮೆ ಪೈಪುಗಳನ್ನು ನೋಡುತ್ತಾರೆ, ಒಮ್ಮೆ ನನ್ನ ಹಣೆಯ ಮೇಲಿನ ಅಂಗಾರ ಅಕ್ಷತೆಯನ್ನು ನೋಡುತ್ತಾರೆ. ಆಮೇಲೆ ಮೆಲ್ಲಗೆ, "ಸಾರ್, ನೀವು ಸೇದ್ತೀರಾ?" ಅಂತಾರೆ.

"ಇಲ್ಲ, ತೊಳೀತೀನಿ" ಅಂತೀನಿ.

ಅವರಿಗೆ ಅದರಿಂದ ಸಮಾಧಾನವಾಗುವುದಿಲ್ಲ. ಸೇದುತ್ತೇನೆ ಅಂದಿದ್ದರೆ ಹೇಗೋ ಕ್ಷಮಿಸಿಬಿಡುತ್ತಿದ್ದರು. ಯಾರೋ ಸೇದಿ ಬಿಟ್ಟ ಪೈಪನ್ನು ತಂದು ಮನೆಯಲ್ಲಿ ಕೂತು ಉಜ್ಜುವ ಮನುಷ್ಯನನ್ನು ಯಾವ ಖಾನೆಗೆ ಹಾಕಬೇಕೋ ಪಾಪ ಅವರಿಗೆ ತಿಳಿಯುವುದಿಲ್ಲ. ನಾನೂ ಹೆಚ್ಚು ವಿವರಿಸಲು ಹೋಗುವುದಿಲ್ಲ. ಆದರೆ ನಿಮ್ಮ ಹತ್ತಿರ ಒಂದು ಮಾತು ಹೇಳಿಬಿಡುತ್ತೇನೆ, ಜಂಬ ಅಂದುಕೊಂಡರೆ ಅಂದುಕೊಳ್ಳಿ, ಅದು ಜಂಬವೇ. ಚೆನ್ನೈನ ಇಡೀ ವೆಸ್ಟ್ ಮಾಂಬಲಂನಲ್ಲಿ ನನ್ನಷ್ಟು ಚೆನ್ನಾಗಿ ಪೈಪು ತೊಳೆಯುವವರು ಇನ್ನೊಬ್ಬರಿಲ್ಲ. ತೊಳೆಯುವವರೇ ಇನ್ನೊಬ್ಬರಿಲ್ಲ ಅನ್ನುವುದು ನನ್ನ ಹೆಂಡತಿ ಜಯಾಳ ತಿದ್ದುಪಡಿ.

ಈ ಹುಚ್ಚು ಹಿಡಿಯುವುದಕ್ಕೆ ನನಗಿಂತ ಅಪಾತ್ರನಾದ ವ್ಯಕ್ತಿ ಸಿಗಲಾರ. ಏಕೆಂದರೆ ನಾನು ಎಂಜಲಿನ ವಿಷಯದಲ್ಲಿ ಮಹಾ ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದವನು. ನಂಜನಗೂಡಿನ ಕಡೆಯಿಂದ ನಮ್ಮ ತಂದೆ ರೈಲ್ವೆ ಕೆಲಸಕ್ಕೆಂದು ಎಗ್ಮೋರಿಗೆ ಬಂದಾಗ ಜೊತೆಗೆ ಒಂದು ಟ್ರಂಕು, ಒಂದು ಕೊಳದಪ್ಪಲೆ ಮತ್ತು ನಮ್ಮಜ್ಜಿಯನ್ನು ತಂದರು. ಟ್ರಂಕು ತುಕ್ಕು ಹಿಡಿಯಿತು, ಕೊಳದಪ್ಪಲೆ ತೂತಾಯಿತು, ಅಜ್ಜಿ ಮಾತ್ರ ಕೊನೆಯವರೆಗೂ ಒಂದಿಷ್ಟೂ ಸಡಿಲಾಗಲಿಲ್ಲ. ಲೋಟ ತುಟಿಗೆ ತಾಗಿತೋ, ಮುಗಿಯಿತು, ಲೋಟವೂ ತೊಳೆಯಬೇಕು, ಮುಟ್ಟಿದ ಕೈಯೂ ತೊಳೆಯಬೇಕು, ತೊಳೆಯುವ ನಲ್ಲಿಯ ಮೇಲೂ ಒಂದು ಚೊಂಬು ನೀರು ಸುರಿಯಬೇಕು. ತಲೆ ಮೇಲೆತ್ತಿ, ಲೋಟವನ್ನು ಗೇಣುದ್ದ ಮೇಲೆ ಹಿಡಿದು, ಗಟಗಟ ಸುರಿದುಕೊಳ್ಳುವುದನ್ನು ನಾನು ನಡೆಯಲು ಕಲಿತ ಕಾಲಕ್ಕೇ ಕಲಿತೆ. ಮದರಾಸಿನಲ್ಲಿ ಎಲ್ಲರೂ ಹಾಗೆಯೇ ಕುಡಿಯುತ್ತಾರೆ, "ಅಣ್ಣಾಂದು ಕುಡಿ" ಅನ್ನುತ್ತಾರೆ. ಹಾಗಾಗಿ ಈ ಊರಿಗೂ ಅಜ್ಜಿಗೂ ಮೊದಲ ದಿನದಿಂದಲೇ ಚೆನ್ನಾಗಿ ಹೊಂದಿತು.

ಶಾಲೆಯಲ್ಲಿ ಮಾತ್ರ ಕಷ್ಟ. ಗೇಟಿನ ಹೊರಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಮಾರುತ್ತಿದ್ದರು. ಇಬ್ಬರು ಸೇರಿ ಒಂದು ಕೊಂಡರೆ ಹಂಚಿಕೊಳ್ಳುವ ದಾರಿ ಒಂದೇ, ಅಂಗಿಯ ತುದಿ ಮುಚ್ಚಿ ಅದರ ಮೇಲಿಂದ ಕಚ್ಚಿ ಮುರಿಯುವುದು. ನಮ್ಮಲ್ಲಿ ಅದು ಗುಬ್ಬಿ ಎಂಜಲು. ತಮಿಳು ಹುಡುಗರಿಗೆ ಅದು "ಕಾಕಾ ಕಡಿ". ಒಂದೇ ಮಾವಿನಕಾಯಿಗೆ ಅಲ್ಲಿ ಕಾಗೆ, ಇಲ್ಲಿ ಗುಬ್ಬಿ. ನನ್ನ ಬಿಳೀ ಯೂನಿಫಾರಮ್ಮಿನ ಅಂಚು ಸದಾ ಖಾರದಪುಡಿಯ ಬಣ್ಣದಲ್ಲಿರುತ್ತಿತ್ತು. ಅಮ್ಮ ಒಗೆಯುವಾಗ ಗೊಣಗುತ್ತಿದ್ದಳು. ಅಜ್ಜಿ ಮಾತ್ರ, "ಒಗೆದ್ರೆ ಹೋಗತ್ತೆ ಬಿಡೇ, ಮಗು ಎಂಜಲು ತಿಂದಿಲ್ವಲ್ಲ" ಎಂದು ನನ್ನ ಪರ ವಹಿಸುತ್ತಿದ್ದಳು.

ಇಂಥವನು ಪೈಪಿನ ಬಲೆಗೆ ಬಿದ್ದದ್ದು ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತನಾಗಿ ಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರುತ್ತಿದ್ದ ಕಾಲ. ಹಳೆಯ ಕಾಲದ ಹಿತ್ತಾಳೆ ನಲ್ಲಿ ಒಂದು ಬೇಕಿತ್ತು, ಹುಡುಕಲು ಹೋದೆ. ನಲ್ಲಿಗಳ ರಾಶಿಯಲ್ಲಿ ಒಂದು ಪೈಪು ಸಿಕ್ಕಿಕೊಂಡಿತ್ತು. ಬಟ್ಟಲಿನ ತುಂಬ ಕರೀ ಮಸಿ, ಬಾಯಿಗಿಡುವ ಕೊಳವೆ ಹಸಿರು ತಿರುಗಿತ್ತು. ಮಸಿಯ ಕೆಳಗೆ ಮರದ ಎಳೆಗಳು ಮಾತ್ರ, ಅಬ್ಬಾ, ಏನು ಚೆನ್ನಾಗಿದ್ದವು! ಬೆಂಕಿ ಉರಿದ ಹಾಗೆ ಕೆಳಗಿನಿಂದ ಮೇಲಕ್ಕೆ ಎದ್ದಿದ್ದವು. ನಲ್ಲಿ ಮರೆತು ಪೈಪು ಹಿಡಿದು ಸಬರ್ಬನ್ ರೈಲು ಹತ್ತಿದೆ.

ಜಯಾ ಬಾಗಿಲಲ್ಲೇ ತಡೆದಳು. "ಏನ್ರೀ ಅದು?"

"ಪೈಪು."

"ನಲ್ಲಿ ಪೈಪು ಹಿಂಗಿರತ್ತಾ?"

ಹೇಳಿದೆ. ಅವಳು ಎರಡು ಬೆರಳಲ್ಲಿ ಅದನ್ನು ಎತ್ತಿಕೊಂಡು ಸೀದಾ ಬಚ್ಚಲಿಗೆ ಹೋದಳು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅದಕ್ಕೂ ಸ್ನಾನವಾಗಿತ್ತು. ಕುದಿಯುವ ನೀರು, ಸೀಗೆಪುಡಿ, ಅದು ಸಾಲದೆಂದು ಒಂದು ಚಿಟಿಕೆ ಅರಿಶಿನ. ಆಮೇಲೆ ಟೆರೇಸಿನಲ್ಲಿ, ಉದ್ದಿನ ಹಪ್ಪಳದ ಪಕ್ಕದಲ್ಲಿ, ಒಣಗಲು ಇಟ್ಟಿದ್ದಳು. ಚೆನ್ನೈನ ಮೇ ತಿಂಗಳ ಬಿಸಿಲು. ಸಂಜೆ ನೋಡಿದರೆ ಮರ ಬಿರುಕು ಬಿಟ್ಟಿತ್ತು, ಹಸಿರಾಗಿದ್ದ ಕೊಳವೆ ಸಗಣಿಯ ಬಣ್ಣಕ್ಕೆ ತಿರುಗಿತ್ತು. "ಈಗ ಶುದ್ಧವಾಯ್ತು, ಎಸೀರಿ" ಅಂದಳು ಜಯಾ.

ನಾನು ಎಸೆಯಲಿಲ್ಲ. ಹಟ ಬಂತು. ಒಂದು ವಸ್ತುವನ್ನು ನಮ್ಮ ಮನೆಯ ಪದ್ಧತಿಯಲ್ಲಿ ತೊಳೆದರೆ ಅದು ಸತ್ತೇ ಹೋಗುತ್ತದೆ ಅಂದರೆ ಏನರ್ಥ? ಮೊಮ್ಮಗಳ ಹಳೇ ಮೊಬೈಲಿನಲ್ಲಿ ದೇಶವಿದೇಶದ ಗಡ್ಡದವರು ಪೈಪು ಸರಿಮಾಡುವ ವಿಡಿಯೋಗಳನ್ನು ನೋಡಿದೆ. ಮುಂದಿನ ಶುಕ್ರವಾರ ಮತ್ತೆ ಸಂತೆಗೆ ಹೋದೆ, ಅದರ ಮುಂದಿನ ಶುಕ್ರವಾರವೂ ಹೋದೆ. ನಾಲ್ಕು ಪೈಪು ಹಾಳು ಮಾಡಿದ ಮೇಲೆ ಐದನೆಯದು ನನ್ನ ಮಾತು ಕೇಳಿತು.

ಕ್ರಮ ದೊಡ್ಡದೇನಲ್ಲ, ತಾಳ್ಮೆ ಬೇಕು ಅಷ್ಟೆ. ಮರಕ್ಕೆ ನೀರು ತೋರಿಸಬಾರದು. ಬಟ್ಟಲಿನ ಒಳಗೆ ಕಟ್ಟಿಕೊಂಡ ಮಸಿಯನ್ನು ಮೊಂಡು ಚಾಕುವಿನಿಂದ ಸುತ್ತ ಕೆರೆಯಬೇಕು. ಆಮೇಲೆ ಬಟ್ಟಲಿಗೆ ಕಲ್ಲುಪ್ಪು ತುಂಬಿ ಸ್ಪಿರಿಟ್ ಹಾಕಿ ಒಂದು ದಿನ ಬಿಡಬೇಕು. ಉಪ್ಪು ಹಳೇ ಕಷಾಯವನ್ನೆಲ್ಲ ಹೀರಿ ಕಾಫಿ ಬಣ್ಣಕ್ಕೆ ಬರುತ್ತದೆ. ಕೊಳವೆಯ ಸಣ್ಣ ತೂತು ಬಿಡಿಸಲು ವಿಡಿಯೋದವರು ಅದೇನೋ ನಯವಾದ ತಂತಿ ಬಳಸುತ್ತಾರೆ. ನನಗೆ ಸಿಕ್ಕಿದ್ದು ಜಯಾ ಚಾತುರ್ಮಾಸಕ್ಕೆಂದು ಹೊಸೆದಿಟ್ಟ ಹತ್ತಿಯ ಬತ್ತಿ. ಅಷ್ಟು ಬಿಗಿಯಾಗಿ, ಅಷ್ಟು ನೀಟಾಗಿ ಬತ್ತಿ ಹೊಸೆಯುವವಳು ಅವಳೊಬ್ಬಳೇ. ದೇವರ ದೀಪಕ್ಕೆ ಹೋಗಬೇಕಾದ ಬತ್ತಿ ಪೈಪಿನೊಳಗೆ ಬಿಳಿಯಾಗಿ ಹೋಗಿ ಕರ್ರಗೆ ಬರುತ್ತಿದ್ದುದನ್ನು ಅವಳು ಒಂದು ದಿನ ನೋಡಿಬಿಟ್ಟಳು. ಆ ದಿನದ ಅಡಿಗೆಗೆ ಉಪ್ಪು ಬೀಳಲಿಲ್ಲ, ಅಷ್ಟೇ ಹೇಳುತ್ತೇನೆ.

ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿದೆ. ಬಟ್ಟಲಿನ ಅಂಚಿನಲ್ಲಿ ಕಟ್ಟುವ ಡಾಂಬರಿನಂಥ ಕೊಳೆಗೆ ಸ್ಪಿರಿಟ್ ಹಾಕಿದರೆ ಮರದ ಬಣ್ಣವೇ ಎದ್ದು ಹೋಗುತ್ತದೆ. ಎದ್ದು ಹೋಗದಂತೆ ಕೊಳೆ ಬಿಡಿಸುವ ಒಂದೇ ದ್ರವ ಮನುಷ್ಯನ ಬಾಯಲ್ಲಿ ಹುಟ್ಟುತ್ತದೆ. ಹೌದು, ಉಗುಳು. ಹತ್ತಿಗೆ ಸ್ವಲ್ಪ ಉಗುಳು ಸೋಕಿಸಿ ಮೆಲ್ಲಗೆ ತಿಕ್ಕಬೇಕು, ಎಲ್ಲ ಗಡ್ಡದವರೂ ಮಾಡುವುದು ಅದನ್ನೇ. ನನಗೆ ಇದು ತಿಳಿದಾಗ ಮೂರು ದಿನ ಆ ಕೆಲಸವನ್ನೇ ಮುಂದೂಡಿದೆ. ನಾಲ್ಕನೆಯ ದಿನ ಬಾಲ್ಕನಿಯ ಬಾಗಿಲು ಹಾಕಿಕೊಂಡು ಮಾಡಿದೆ. ಕೊಳೆ ಬೆಣ್ಣೆಯಂತೆ ಬಿಟ್ಟಿತು. ಆ ಮೇಲೆ ಕೊಳವೆ, ಬಟ್ಟಲು, ನನ್ನ ಕೈ, ಸ್ಟೂಲು, ಎಲ್ಲವನ್ನೂ ಒರೆಸಿ, ಎರಡನೇ ಸಲ ಸ್ನಾನ ಮಾಡಿದೆ.

ಹೀಗೆ ನನ್ನದೇ ಒಂದು ಶಾಸ್ತ್ರ ಬೆಳೆಯಿತು. ಬೇರೆಯವರು ಪೈಪು ಹೊಳೆದರೆ ಸಾಕು ಅನ್ನುತ್ತಾರೆ. ನಾನು ಅಷ್ಟಕ್ಕೆ ಬಿಡುವವನಲ್ಲ. ಹಿಂದೆ ಇದನ್ನು ಒಬ್ಬ ಮನುಷ್ಯ ಬಾಯಲ್ಲಿಟ್ಟಿದ್ದ ಅನ್ನುವುದಕ್ಕೆ ಒಂದು ಸಾಕ್ಷಿಯೂ ಉಳಿಯಬಾರದು. ಮುಖ್ಯವಾಗಿ ಹಲ್ಲಿನ ಗುರುತು. ಪೈಪಿನ ಕೊಳವೆ ಹಳೇ ಶಾಯಿ ಪೆನ್ನುಗಳನ್ನು ಮಾಡುತ್ತಿದ್ದ ಗಟ್ಟಿ ರಬ್ಬರಿನದು. ವರ್ಷಾನುಗಟ್ಟಲೆ ಕಚ್ಚಿದರೆ ಅದರಲ್ಲಿ ಕುಳಿ ಬೀಳುತ್ತದೆ. ಆದರೆ ಆ ರಬ್ಬರಿಗೆ ಒಂದು ಗುಣವಿದೆ. ಮೇಣದ ಬತ್ತಿಯ ಉರಿಯ ಮೇಲೆ, ಸುಡದ ಹಾಗೆ, ಹಿಂದೆ ಮುಂದೆ ಆಡಿಸುತ್ತಾ ಬಿಸಿ ಮಾಡಿದರೆ ಕುಳಿ ತಾನಾಗಿಯೇ ಮೇಲೆದ್ದು ಬರುತ್ತದೆ. ಮೊದಲ ಸಲ ಅದನ್ನು ನೋಡಿ ನಾನು "ಜಯಾ! ಜಯಾ!" ಎಂದು ಕೂಗಿದೆ. ಅವಳು ಕೈ ಸುಟ್ಟುಕೊಂಡರೇನೋ ಎಂದು ಬರ್ನಾಲ್ ಹಿಡಿದು ಓಡಿ ಬಂದಳು.

ಇಷ್ಟೆಲ್ಲ ಪೈಪಿನ ವ್ಯಾಮೋಹ ಎಲ್ಲಿಂದ ಬಂತು ಅಂತ ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ. ಅದು ಬೆಳ್ಳಿಯಪ್ಪ ಸಾರ್ ಅವರಿಂದ.

ಬೆಳ್ಳಿಯಪ್ಪ ಸಾರ್ ನಮ್ಮ ಆಫೀಸಿನ ಮ್ಯಾನೇಜರು, ಕೊಡಗಿನವರು. ಇಡೀ ಬ್ರಾಂಚಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಆರಡಿ ಎತ್ತರ, ಪೊದೆ ಮೀಸೆ, ಬಾಯ ಎಡಮೂಲೆಯಲ್ಲಿ ಪೈಪು. ಆಫೀಸಿನ ಒಳಗೆ ಸೇದಬಾರದು ಅನ್ನುವ ಕಾನೂನು ಬರುವ ಮುಂಚಿನ ಮಾತು ಇದು. ಕಾನೂನು ಬಂದ ಮೇಲೆ ಅವರು ತಂಬಾಕು ಬಿಟ್ಟು ಖಾಲಿ ಪೈಪನ್ನೇ ಕಚ್ಚಿಕೊಂಡು ಕೂರುತ್ತಿದ್ದರು. ಹತ್ತೊಂಬತ್ತು ವರ್ಷ ನಾನು ಅವರ ಎದುರಿನ ಕುರ್ಚಿಯಲ್ಲಿ ಫೈಲು ಹಿಡಿದು ಕೂತಿದ್ದೇನೆ. ಯೂನಿಯನ್ನಿನವರು ಬಂದು ಮೇಜು ಗುದ್ದಿ ಮಾತಾಡುವಾಗ ಸಾರ್ ಪೈಪಿಗೆ ಕಡ್ಡಿ ಗೀರುತ್ತಿದ್ದರು. ಹತ್ತುತ್ತಿರಲಿಲ್ಲ. ಇನ್ನೊಂದು ಗೀರುತ್ತಿದ್ದರು. ಐದನೆಯ ಕಡ್ಡಿಯ ಹೊತ್ತಿಗೆ ಗುದ್ದುವವರ ಕೈ ತಣ್ಣಗಾಗಿರುತ್ತಿತ್ತು. ಆಗ ಮೊದಲ ದಮ್ಮಿನ ಹೊಗೆ ಬಿಟ್ಟು, "ಸರಿ, ಈಗ ಹೇಳಿ" ಅನ್ನುತ್ತಿದ್ದರು.

ನನ್ನ ಮಡಿಯನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಖುಷಿ. ತಮ್ಮ ತಟ್ಟೆಯ ವಡೆಯನ್ನು ಅರ್ಧ ಕಚ್ಚಿ, "ತಗೊಳ್ಳಯ್ಯ ಶ್ರೀಪತಿ, ರುಚಿಯಾಗಿದೆ" ಎಂದು ನನ್ನ ಕಡೆ ಚಾಚುತ್ತಿದ್ದರು. ನಾನು ಕುರ್ಚಿ ಸಮೇತ ಹಿಂದೆ ಸರಿಯುತ್ತಿದ್ದೆ. ಅವರು ಮೀಸೆಯೊಳಗೇ ನಗುತ್ತಾ ಉಳಿದರ್ಧ ತಿನ್ನುತ್ತಿದ್ದರು. ಆದರೆ ನಮ್ಮ ತಂದೆ ಹೋದಾಗ ಮೊದಲು ಬಂದು ಬಾಗಿಲಲ್ಲಿ ನಿಂತವರು ಅವರೇ. ಹದಿಮೂರು ದಿನವೂ ನನ್ನ ಕೆಲಸವನ್ನು ತಾವೇ ಮಾಡಿ, ಯಾರಿಗೂ ಹೇಳದೆ ನನ್ನ ಹೆಸರಿನಲ್ಲಿ ಕಳಿಸಿದ್ದರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿಯಿತ್ತು ಅನ್ನುವುದನ್ನು ಅವರಿಗೆ ಒಂದು ದಿನವೂ ಹೇಳಲಿಲ್ಲ. ಮ್ಯಾನೇಜರಿಗೆ ಹೇಳುವ ಮಾತೇ ಅದು?

ಹೋದ ವರ್ಷ ಒಂದು ಬೆಳಿಗ್ಗೆ ಅವರ ಮಗಳು ಕಾವೇರಿ ಫೋನ್ ಮಾಡಿದಳು. ಅಡ್ಯಾರಿನಲ್ಲಿ ಸ್ಕೂಲ್ ಟೀಚರು, ಅಪ್ಪ ಅವಳ ಜೊತೆಯಲ್ಲೇ ಇರುತ್ತಾರೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವಳ ಕನ್ನಡ ಅರ್ಧ ದಾರಿಯಲ್ಲಿ ತಮಿಳಿಗೆ ಇಳಿದುಬಿಡುತ್ತದೆ.

"ಅಂಕಲ್, ಅಪ್ಪಂಗೆ ಸ್ಟ್ರೋಕ್ ಆಯ್ತು. ಮೂರು ತಿಂಗಳಾಯ್ತು. ರೈಟ್ ಸೈಡ್ ಫುಲ್ಲಾ ಪೋಚ್ಚು. ಮಾತೂ ಇಲ್ಲ."

ಮೂರು ತಿಂಗಳು ನನಗೆ ಗೊತ್ತೇ ಆಗಿರಲಿಲ್ಲ.

"ಈಗ ಪರವಾಯಿಲ್ಲೆ ಅಂಕಲ್. ಡಾಕ್ಟರ್ ನಡೀಬಹುದು ಅಂತಾರೆ. ಇವರೇ ಎದ್ದೇಳಲ್ಲ. ಎಕ್ಸರ್‌ಸೈಜ್ ಮಾಡ್ಸಕ್ಕೆ ಬಂದ್ರೆ ಗೋಡೆ ಕಡೆ ತಿರುಗಿಬಿಡ್ತಾರೆ. ಆ ಪೈಪ್ ಬಾಯಲ್ಲಿ ಇದ್ರೆ ಮಾತ್ರ ಏಳ್ತಾರೆ. ಖಾಲಿ ಪೈಪೇ, ತಂಬಾಕು ಎಲ್ಲಾ ನಿಲ್ಸಿ ರೊಂಬ ವರ್ಷ ಆಯ್ತು. ಅದು ಬಾಯಲ್ಲಿ ಇಟ್ಕೊಂಡ್ರೆ ಬೆಡ್‌ನಿಂದ ಕಿಟಕಿ ಹತ್ರ ಚೇರ್‌ತನಕ ಬರ್ತಾರೆ. ಮೊನ್ನೆ ಡಾಕ್ಟರ್ ನೋಡಿ ಬೈದ್ಬಿಟ್ರು. ಅಷ್ಟು ಗಲೀಜಿರೋದು ಬಾಯಿಗೆ ಹೋಗ್ಬಾರ್ದು, ಕ್ಲೀನ್ ಮಾಡಿ, ಇಲ್ಲಾಂದ್ರೆ ಎಸೀರಿ ಅಂದ್ರು. ನೀವು ಪೈಪ್ ಕ್ಲೀನ್ ಮಾಡ್ತೀರಂತೆ?"

"ಮಾಡ್ತೀನಮ್ಮ" ಅಂದೆ. "ನನಗಿಂತ ಚೆನ್ನಾಗಿ ಮಾಡೋರು ಇಲ್ಲ."

ಅವಳು ತಂದುಕೊಟ್ಟಳು. ಹತ್ತೊಂಬತ್ತು ವರ್ಷ ಎದುರಿಗೆ ನೋಡಿದ ಪೈಪನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಬಾಗಿದ ಕೊಳವೆ, ಹೊಟ್ಟೆ ದಪ್ಪದ ಬಟ್ಟಲು. ಒಳಗೆ ನಲವತ್ತು ವರ್ಷದ ಕಸ. ಕೊಳವೆಯ ತುದಿಯಲ್ಲಿ ಮೇಲೆ ಎರಡು ಕುಳಿ, ಕೆಳಗೆ ಒಂದು, ಹೆಸರುಕಾಳು ಕೂರುವಷ್ಟು ಆಳ. ಹೊರಡುವಾಗ ಕಾವೇರಿ, "ಕ್ಲೀನ್ ಆದ್ರೆ ಪೋದುಂ ಅಂಕಲ್, ಜಾಸ್ತಿ ಏನೂ ಬೇಡ" ಅಂದಿದ್ದಳು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ಒಳಗೆ ಇಳಿಯಲಿಲ್ಲ.

ನಾಲ್ಕು ದಿನ ಊಟ ತಿಂಡಿಯ ಪರಿವೆಯಿಲ್ಲದೆ ಕೂತೆ. ಜಯಾ ಯಾರ ಪೈಪು ಅಂತ ಕೇಳಿದಳು, ಹೇಳಿದೆ. ಅವಳು ಒಳಗೆ ಹೋಗಿ ಹೊಸ ಬತ್ತಿಗಳ ಒಂದು ಕಟ್ಟು ತಂದು ಸ್ಟೂಲಿನ ಮೇಲಿಟ್ಟಳು. ಮಸಿ ಕೆರೆದೆ, ಉಪ್ಪು ಎರಡು ಸಲ ಬದಲಾಯಿಸಿದೆ, ಬತ್ತಿ ಬಿಳಿಯಾಗಿ ಹೋಗಿ ಬಿಳಿಯಾಗಿಯೇ ಬರುವ ತನಕ ಬಿಡಲಿಲ್ಲ. ಅಂಚು ತಿಕ್ಕಿದೆ, ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ಕೊನೆಗೆ ಮೇಣದ ಬತ್ತಿ ಹಚ್ಚಿ ಕೊಳವೆಯ ತುದಿ ಬಿಸಿ ಮಾಡಿದೆ. ಮೂರೂ ಕುಳಿಗಳು ಒಂದೊಂದಾಗಿ ಎದ್ದು ಬಂದವು. ಉಳಿದ ಗೆರೆಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಜೇನುಮೇಣ ಹಚ್ಚಿ, ಹಳೇ ಪಂಚೆಯ ತುಂಡಿನಿಂದ ತಿಕ್ಕಿದೆ. ಕೊಳವೆ ಕನ್ನಡಿಯಂತೆ ಹೊಳೆಯಿತು, ನನ್ನ ಮುಖ ಕಂಡಿತು. ಆ ಮುಖದಲ್ಲಿ ಎಷ್ಟು ಹೆಮ್ಮೆಯಿತ್ತು ಅನ್ನುವುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅಡ್ಯಾರಿಗೆ ಆಟೋದಲ್ಲಿ ಹೋದೆ. ಬಸ್ಸಿನಲ್ಲಿ ಯಾರಾದರೂ ತಳ್ಳಿ ಗೀರು ಬಿದ್ದರೆ ಎಂಬ ಭಯ. ಸಾರ್ ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತಿದ್ದರು. ಆರಡಿಯ ಆಳು ಅರ್ಧವಾಗಿದ್ದರು. ಮೀಸೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎಡ ಹುಬ್ಬು ಮೇಲೇರಿಸಿದರು. ನಾನು ಬಿಳೀ ಬಟ್ಟೆ ಬಿಚ್ಚಿ ಪೈಪು ತೋರಿಸಿದೆ. ಕಾವೇರಿ, "ಅಯ್ಯೋ ಅಂಕಲ್, ಹೊಸದು ಮಾದಿರಿ ಇದೆ!" ಅಂದಳು. ನಾನು ಹಿಗ್ಗಿದೆ.

ಸಾರ್ ಎಡಗೈಯಲ್ಲಿ ಪೈಪು ತೆಗೆದುಕೊಂಡು ಬಾಯಿಗಿಟ್ಟುಕೊಂಡರು. ಕಚ್ಚಿದರು, ಕೈ ಬಿಟ್ಟರು. ಪೈಪು ಜಾರಿ ಮಡಿಲಿಗೆ ಬಿತ್ತು.

ಮತ್ತೆ ಇಟ್ಟುಕೊಂಡರು. ಬಾಯಲ್ಲಿ ಅತ್ತ ಇತ್ತ ಹೊರಳಿಸಿದರು, ಏನನ್ನೋ ಹುಡುಕುವ ಹಾಗೆ. ಕೈ ಬಿಟ್ಟರು. ಮತ್ತೆ ಬಿತ್ತು. ಬಲಗಡೆ ತುಟಿಗೆ ಶಕ್ತಿಯೇ ಇರಲಿಲ್ಲ. ಅಷ್ಟು ದಿನ ಪೈಪನ್ನು ಹಿಡಿದಿದ್ದದ್ದು ಎಡಗಡೆಯ ಹಲ್ಲು, ಆ ಹಲ್ಲಿಗೆ ಆಧಾರವಾಗಿದ್ದದ್ದು ಆ ಮೂರು ಕುಳಿ. ಮೂರನೆಯ ಸಲ ಬಿದ್ದಾಗ ಅವರು ಅದನ್ನು ಎತ್ತಿ ಟೇಬಲ್ಲಿನ ಮೇಲೆ, ತುಂಬಾ ಮರ್ಯಾದೆಯಿಂದ, ನೆಟ್ಟಗೆ ಇಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು.

ಕಾವೇರಿ ನನ್ನನ್ನು ಹೊರಗೆ ಕರೆದುಕೊಂಡು ಬಂದು, "ಪರವಾಯಿಲ್ಲ ಅಂಕಲ್, ಸರಿ ಆಗ್ತಾರೆ" ಅಂದಳು. ಹಾಗಂದವಳ ಕಣ್ಣು ತುಂಬಿತ್ತು. ಒಂದು ವಾರ ಬಿಟ್ಟು ನಾನೇ ಫೋನ್ ಮಾಡಿದೆ. ಸಾರ್ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಇನ್ನು ಎರಡು ವಾರ ಹೀಗೇ ಮಲಗಿದರೆ ಕಾಲು ಬಿಗಿದುಹೋಗುತ್ತದೆ, ಆಮೇಲೆ ಎದ್ದೇಳುವ ಮಾತೇ ಇಲ್ಲ ಎಂದು ಡಾಕ್ಟರ್ ಹೇಳಿದ್ದಾರೆ ಅಂದಳು.

ಅವತ್ತು ನನಗೆ ತಟ್ಟೆಯ ಮುಂದೆ ಕೂರಲಾಗಲಿಲ್ಲ. ಜಯಾ ಎಲ್ಲ ಕೇಳಿದಳು. "ನೀವು ಕೊಳೆ ತೆಗೆಯೋಕೆ ಹೋಗಿ ಪೈಪಿಂದ ಅವರನ್ನೇ ತೆಗೆದುಬಿಟ್ರಲ್ರೀ" ಅಂದಳು. ಬಾಯಿಯ ಗುರುತೆಲ್ಲ ಹೊಲಸು ಅಂತ ನಾನು ತಿಳಿದಿದ್ದೆ. ಒಬ್ಬ ಮನುಷ್ಯ ನಲವತ್ತು ವರ್ಷ ಕೂತು ಮಾಡಿಕೊಂಡ ಜಾಗವನ್ನು ಒಂದು ಮೇಣದ ಬತ್ತಿಯಲ್ಲಿ ಅಳಿಸಿಹಾಕಿದ್ದೆ. ಸಿಟ್ಟು ಬಂತು, ನನ್ನ ಮೇಲೆಯೇ.

ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ. ಬಿಸಿಗೆ ಮೇಲೆದ್ದ ರಬ್ಬರಿನಲ್ಲಿ ಬಿಸಿಗೇ ಕುಳಿಯೂ ಬೀಳಬೇಕಲ್ಲವೇ? ಸಂತೆಯ ಒಂದು ಮುರುಕು ಕೊಳವೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಇಕ್ಕಳದಲ್ಲಿ ಒತ್ತಿ ನೋಡಿದೆ. ಕುಳಿ ಬಿತ್ತು. ಆರಿದ ಮೇಲೂ ನಿಂತಿತು. ಮರುದಿನ ಬೆಳಿಗ್ಗೆ ತಿಂಡಿಗೂ ನಿಲ್ಲದೆ ಅಡ್ಯಾರಿಗೆ ಹೊರಟೆ.

"ಕಾವೇರಿ, ಒಂದು ಪಾತ್ರೇಲಿ ಚೆನ್ನಾಗಿ ಕುದಿಯೋ ನೀರು ತಾಮ್ಮ. ಇದನ್ನ ಮೆತ್ತಗೆ ಮಾಡ್ತೀನಿ, ಅಪ್ಪನ ಹತ್ರ ಒಂದು ಸಲ ಗಟ್ಟಿಯಾಗಿ ಕಚ್ಚಿಸಿಬಿಡೋಣ."

ಕೊಳವೆಯನ್ನು ಮರದಿಂದ ಬಿಡಿಸಿ ತುದಿಯನ್ನು ನೀರಿನಲ್ಲಿಟ್ಟೆ. ಬಿಸಿ ಕಾಫಿಯಷ್ಟು ಸುಡುವ ಹದಕ್ಕೆ ಆರಿಸಿ ಸಾರ್ ಬಾಯಿಯ ಹತ್ತಿರ ಹಿಡಿದೆ. ಅವರು ಬಾಯಿ ಬಿಡಲಿಲ್ಲ. "ಸಾರ್, ಒಂದೇ ಸಲ" ಅಂದೆ. ಗೋಡೆ ನೋಡುತ್ತಿದ್ದರು. ಕಾವೇರಿ ಮುದ್ದು ಮಾಡಿದಳು, ಗದರಿದಳು, "ಅಪ್ಪಾ ಪ್ಲೀಸ್ ಪಾ" ಅಂದಳು. ಅಷ್ಟರಲ್ಲಿ ಕೊಳವೆ ಆರಿ ಗಟ್ಟಿಯಾಯಿತು. ಮತ್ತೆ ಬಿಸಿ ಮಾಡಿದೆ, ಮತ್ತೆ ಆರಿತು.

"ನಾನು ಕಚ್ಚಲಾ ಅಂಕಲ್?" ಅಂದಳು ಕಾವೇರಿ.

"ನಿನಗೆ ಜಾಗ ಗೊತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಗಳು ಅಪ್ಪನ ಮುಖ ನೋಡುತ್ತಾಳೆ, ಪೈಪು ಯಾವ ಹಲ್ಲಿನ ಕೆಳಗಿದೆ ಅಂತ ಯಾಕೆ ನೋಡುತ್ತಾಳೆ? ಅದು ಗೊತ್ತಿದ್ದವನು ನಾನೊಬ್ಬ. ಸಹಿ ಬೀಳುವುದನ್ನು ಕಾಯುತ್ತಾ ಹತ್ತೊಂಬತ್ತು ವರ್ಷ ನಾನು ನೋಡಿದ್ದು ಅದನ್ನೇ. ಎಡಗಡೆ, ಕೋರೆಹಲ್ಲು ಮತ್ತು ಅದರ ಪಕ್ಕದ್ದು, ಕೊಳವೆಯ ಅಂಚಿನಿಂದ ಅರ್ಧ ಬೆರಳು ಒಳಗೆ, ಸ್ವಲ್ಪ ಓರೆಯಾಗಿ.

ಮೂರನೆಯ ಸಲ ಕೊಳವೆ ನೀರಿನಿಂದ ತೆಗೆದೆ. ಇನ್ನೊಬ್ಬರ ಬಾಯಲ್ಲಿ ನಲವತ್ತು ವರ್ಷ ಇದ್ದದ್ದು. ಮೈಯೆಲ್ಲ ಬೇಡ ಅನ್ನುತ್ತಿತ್ತು. ಸಾರ್ ಬೆನ್ನು ನೋಡಿದೆ. ದೊಗಲೆ ಬನಿಯನ್ನಿನೊಳಗೆ ಮೂಳೆ ಎದ್ದು ಕಾಣುತ್ತಿತ್ತು. ಕೊಳವೆಯನ್ನು ಬಾಯಿಗಿಟ್ಟುಕೊಂಡೆ. ಅವರ ಹಾಗೆಯೇ ಓರೆಯಾಗಿ ಹಿಡಿದು, ಎಡಗಡೆಯ ಹಲ್ಲಿನಲ್ಲಿ, ಶಕ್ತಿ ಇದ್ದಷ್ಟೂ ಕಚ್ಚಿದೆ. ತುಟಿ ಸುಟ್ಟಿತು, ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. ಅದು ಆರುವ ತನಕ ಕಚ್ಚಿಕೊಂಡೇ ನಿಂತೆ.

ನನ್ನ ಮಾತು ಇದ್ದಕ್ಕಿದ್ದಂತೆ ನಿಂತದ್ದು ಗಮನಕ್ಕೆ ಬಂದಿರಬೇಕು, ಸಾರ್ ತಿರುಗಿ ನೋಡಿದರು. ನನ್ನ ಬಾಯಲ್ಲಿ ತಮ್ಮ ಪೈಪಿನ ಕೊಳವೆ. ಅವರ ಎಡಗಣ್ಣು ಅಗಲವಾಯಿತು. ಎಡ ಕೆನ್ನೆ ಅದುರಿತು. ಹೊಟ್ಟೆಯೊಳಗಿನಿಂದ ಗೊರಗೊರ ಅಂತ ಒಂದು ಸದ್ದು ಹೊರಟಿತು. ಕಾವೇರಿ ಗಾಬರಿಯಾಗಿ ಮುಂದೆ ಬಂದಳು. "ಏನೂ ಇಲ್ಲಮ್ಮ, ನಗ್ತಿದ್ದಾರೆ" ಅಂದೆ. ಆ ನಗು ನನಗೆ ಚೆನ್ನಾಗಿ ಗೊತ್ತು.

ಕುಳಿ ಬಿದ್ದಿತ್ತು, ಮೇಲೆ ಎರಡು, ಕೆಳಗೆ ಒಂದು. ಕೊಳವೆಯನ್ನು ಬಟ್ಟಲಿಗೆ ಸೇರಿಸಿ ಅವರ ಮುಂದೆ ಹಿಡಿದೆ. ಸಾರ್ ಎಡಗೈ ಚಾಚಿ ತೆಗೆದುಕೊಂಡರು. ಬಾಯಿಗಿಡುತ್ತಾರೆ ಅಂತ ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಅವರು ಬಾಯಿಗಿಡಲಿಲ್ಲ. ಪೈಪನ್ನು ಮಡಿಲಲ್ಲಿಟ್ಟು, ದಿಂಬಿನ ಕೆಳಗೆ ತಡಕಿ, ಕರ್ಚೀಫು ತೆಗೆದರು. ನನ್ನ ಮುಖವನ್ನೇ ನೋಡುತ್ತಾ, ನಾನು ಕಚ್ಚಿದ ತುದಿಯನ್ನು ಒಮ್ಮೆ ಒರೆಸಿದರು. ತಿರುಗಿಸಿ ಇನ್ನೊಮ್ಮೆ ಒರೆಸಿದರು. ಬೆಳಕಿಗೆ ಹಿಡಿದು, ಅನುಮಾನ ಬಂದವರ ಹಾಗೆ ಮತ್ತೂ ಒಮ್ಮೆ ಒರೆಸಿದರು.

"ಅಪ್ಪಾ!" ಅಂತ ಕಾವೇರಿ ನಗುತ್ತಾ ಅಳುತ್ತಾ ಕೂಗಿದಳು.

ಆಮೇಲೆ ಪೈಪನ್ನು ಬಾಯ ಎಡಮೂಲೆಗೆ ಇಟ್ಟುಕೊಂಡರು. ಒಂದು ಸಲ ಹೊರಳಿಸಿದರು. ಅವರ ಹಲ್ಲು ನನ್ನ ಹಲ್ಲಿನ ಗುರುತಿನೊಳಗೆ ಕೂತಿತು. ಕೈ ಬಿಟ್ಟರು. ಪೈಪು ಬೀಳಲಿಲ್ಲ.

ಬಿಟ್ಟ ಕೈಯನ್ನು ಅವರು ನನ್ನ ಕಡೆ ಚಾಚಿದರು. ನಾನು ಹಿಡಿದುಕೊಂಡೆ, ಅವರು ಎದ್ದರು.